ಗಾಳಿಗೊಂದು ಪಂಚಾಂಗ



ಊರಿನಿಂದ ದೂರವಿರುವ ನೀವು ದೂರವಾಣಿಯಲ್ಲಿ ಕೇಳುವ ಪ್ರಶ್ನೆಗಳು ಬಹುಕಾಲದಿಂದ ಒಂದೇ ಆಗಿದ್ದವು. ಮಳೆ ಆಯಿತೇ, ಕೆರೆಗೆ ನೀರು ಬಂತೇ, ಕೊಬ್ಬರಿಯ ಧಾರಣೆ ಹೇಗಿದೆ ಎಂಬಲ್ಲಿಗೆ ಕ್ಷೇಮಸಮಾಚಾರ ಮುಗಿಯುತ್ತಿತ್ತು. ಈಚೆಗೆ ಆ ಪಟ್ಟಿಗೆ ಹೊಸದೊಂದು ಸೇರಿದೆ. "ಸಾರ್, ಅರಸೀಕೆರೆಯ ಗಾಳಿ ಇವತ್ತು ನೂರು ದಾಟಿದೆ ಎಂದು ಮೊಬೈಲ್ ತೋರಿಸುತ್ತಿದೆ. ಇನ್ನು ನಾಲ್ಕು ದಿನ ಹೀಗೆಯೇ ಇರುವುದಂತೆ. ಮಕ್ಕಳನ್ನು ಕರೆದುಕೊಂಡು ಬರಬಹುದೇ?" ಎಂದು ಬೆಂಗಳೂರಿನಿಂದ ಒಬ್ಬರು ಕೇಳುತ್ತಾರೆ. ಬೇಲೂರು, ಹಳೇಬೀಡುಗಳ ಪ್ರವಾಸಕ್ಕೆ ಹೊರಟ ಇನ್ನೊಬ್ಬರು "ಅಲ್ಲಿಯೂ ಅದೇ ಅಂಕಿ ತೋರಿಸುತ್ತಿದೆಯಲ್ಲ ಸಾರ್, ಇದು ನಿಜವೇ?" ಎನ್ನುತ್ತಾರೆ. ದಿನಕ್ಕೆ ಎರಡು ಗಂಟೆ ರಾಜಧಾನಿಯ ವಾಹನಗಳ ನಡುವೆ ಕಳೆಯುವವರು ತೆಂಗಿನ ಸೀಮೆಯ ಗಾಳಿಗೆ ಅಂಜುವುದು ಕೆಲವರಿಗೆ ತಮಾಷೆಯಾಗಿ ಕಾಣಬಹುದು. ನನಗೆ ಹಾಗೆ ಕಾಣುವುದಿಲ್ಲ. ಮುಂದಿನ ಮೂರು ನಾಲ್ಕು ದಿನಗಳ ಗಾಳಿ ಹೇಗಿರುವುದೆಂದು ಪ್ರತಿದಿನ ತಿಳಿಯಬೇಕಾದವರೊಬ್ಬರು ನಮ್ಮ ಕುಟುಂಬದಲ್ಲಿಯೇ ಇದ್ದಾರೆ. ಅವರ ವಿಷಯ ಮುಂದೆ ಹೇಳುತ್ತೇನೆ. ಮೊದಲು, ವಿಜ್ಞಾನದ ಮೇಷ್ಟ್ರ ಅಭ್ಯಾಸದಂತೆ, ಆ ಅಂಕಿ ಎಂದರೇನು ಎಂಬುದನ್ನು ನೋಡೋಣ.

ನಮ್ಮ ದೇಶದಲ್ಲಿ ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕ ಎಂಬುದು 2015ರ ಏಪ್ರಿಲ್ ತಿಂಗಳಲ್ಲಿ ಜಾರಿಗೆ ಬಂದಿತು. ಗಾಳಿಯಲ್ಲಿರುವ ಎಂಟು ಬಗೆಯ ಮಾಲಿನ್ಯಗಳನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ದಪ್ಪ ಕಣಗಳು, ಸೂಕ್ಷ್ಮ ಕಣಗಳು, ಸಾರಜನಕದ ಡೈಆಕ್ಸೈಡು, ಗಂಧಕದ ಡೈಆಕ್ಸೈಡು, ಕಾರ್ಬನ್ ಮೊನಾಕ್ಸೈಡು, ಓಜೋನು, ಅಮೋನಿಯಾ ಮತ್ತು ಸೀಸ. ಪ್ರತಿಯೊಂದಕ್ಕೂ ಒಂದೊಂದು ಅಂಕವನ್ನು ಕಂಡುಹಿಡಿದು, ಅವುಗಳಲ್ಲಿ ಯಾವುದು ಅತಿ ಹೆಚ್ಚೋ ಅದನ್ನೇ ಆ ಊರಿನ ಸೂಚ್ಯಂಕವೆಂದು ಹೇಳುತ್ತಾರೆ. ಪರೀಕ್ಷೆಯಲ್ಲಿ ಎಲ್ಲ ವಿಷಯಗಳ ಸರಾಸರಿ ತೆಗೆದು ಪಾಸು ಮಾಡಿದಂತಲ್ಲ. ಏಳು ವಿಷಯಗಳಲ್ಲಿ ಗಾಳಿ ಚೆನ್ನಾಗಿದ್ದು ಎಂಟನೆಯದರಲ್ಲಿ ಕೆಟ್ಟಿದ್ದರೂ ಅದು ಕೆಟ್ಟ ಗಾಳಿಯೇ. ಸೊನ್ನೆಯಿಂದ 50ರವರೆಗೆ ಉತ್ತಮ, 100ರವರೆಗೆ ತೃಪ್ತಿಕರ, 200ರವರೆಗೆ ಮಧ್ಯಮ, 300ರವರೆಗೆ ಕಳಪೆ, 400ರವರೆಗೆ ಅತಿ ಕಳಪೆ, ಅದರಾಚೆ 500ರವರೆಗೆ ಗಂಭೀರ ಎಂದು ಆರು ದರ್ಜೆಗಳಿವೆ.

ನಮ್ಮಂಥ ಊರುಗಳಲ್ಲಿ ಸಾಮಾನ್ಯವಾಗಿ ಅಂಕಿಯನ್ನು ನಿರ್ಧರಿಸುವುದು ಕಣಗಳೇ. ಅವುಗಳಲ್ಲಿ ಎರಡು ಜಾತಿ. ಹತ್ತು ಮೈಕ್ರೋಮೀಟರಿಗಿಂತ ಚಿಕ್ಕವು ಒಂದು. ಎರಡೂವರೆ ಮೈಕ್ರೋಮೀಟರಿಗಿಂತಲೂ ಚಿಕ್ಕವು ಇನ್ನೊಂದು. ಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವೇ ಮೈಕ್ರೋಮೀಟರು. ನಮ್ಮ ತಲೆಗೂದಲಿನ ದಪ್ಪ ಸುಮಾರು ಐವತ್ತರಿಂದ ಎಪ್ಪತ್ತು ಮೈಕ್ರೋಮೀಟರು ಎಂದಿಟ್ಟುಕೊಂಡರೆ, ಎರಡನೆಯ ಜಾತಿಯ ಕಣ ಅದರ ಇಪ್ಪತ್ತನೆಯ ಒಂದು ಭಾಗಕ್ಕಿಂತ ಸಣ್ಣದು. ನಮ್ಮ ದೇಶದ 2009ರ ಮಾನದಂಡದ ಪ್ರಕಾರ ಒಂದು ಘನ ಮೀಟರು ಗಾಳಿಯಲ್ಲಿ ಇಂಥ ಸೂಕ್ಷ್ಮ ಕಣಗಳು ಇಡೀ ದಿನದ ಸರಾಸರಿಯಲ್ಲಿ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿರುವ ಮಿತಿ ಕೇವಲ 15.

ಇಲ್ಲಿಯೇ ನಿಮ್ಮ ಗಾಬರಿಯ ಒಂದು ಮೂಲವಿದೆ. ಮೊಬೈಲಿನ ಅನೇಕ ತಂತ್ರಾಂಶಗಳು ನಮ್ಮ ದೇಶದ ಸೂಚ್ಯಂಕವನ್ನು ತೋರಿಸುವುದಿಲ್ಲ, ಅಮೆರಿಕದ ಸೂಚ್ಯಂಕವನ್ನು ತೋರಿಸುತ್ತವೆ. ಘನ ಮೀಟರಿಗೆ 60 ಮೈಕ್ರೋಗ್ರಾಂ ಸೂಕ್ಷ್ಮ ಕಣಗಳಿದ್ದರೆ ನಮ್ಮ ಲೆಕ್ಕದಲ್ಲಿ ಅಂಕ 100, ಹಣೆಪಟ್ಟಿ 'ತೃಪ್ತಿಕರ'. ಅದೇ ಗಾಳಿಗೆ ಅಮೆರಿಕದ ಲೆಕ್ಕದಲ್ಲಿ ಅಂಕ 150ನ್ನು ದಾಟುತ್ತದೆ, ಹಣೆಪಟ್ಟಿ 'ಅನಾರೋಗ್ಯಕರ'. ಗಾಳಿ ಒಂದೇ, ಕಣ ಒಂದೇ, ಉಸಿರಾಡುವ ಪುಪ್ಪುಸವೂ ಒಂದೇ. ಬದಲಾದದ್ದು ಅಳತೆಯ ಕೋಲು ಮಾತ್ರ. ಆದ್ದರಿಂದ ಅಂಕಿಯನ್ನು ನೋಡುವ ಮೊದಲು ಯಾರ ಅಂಕಿ ಎಂದು ನೋಡಿರಿ. ಇನ್ನೂ ಒಳ್ಳೆಯದೆಂದರೆ, ಅಂಕಿಯ ಕೆಳಗೆ ಸಣ್ಣ ಅಕ್ಷರಗಳಲ್ಲಿ ಕೊಟ್ಟಿರುವ ಮೈಕ್ರೋಗ್ರಾಂ ಲೆಕ್ಕವನ್ನೇ ಓದಿಕೊಳ್ಳಿರಿ.

ಎರಡನೆಯ ಪ್ರಶ್ನೆ, ಅರಸೀಕೆರೆಯ ಗಾಳಿಯನ್ನು ಯಾರು ಅಳೆದರು ಎಂಬುದು. ದಿನದ ಇಪ್ಪತ್ತನಾಲ್ಕು ಗಂಟೆಯೂ ಗಾಳಿಯನ್ನು ಅಳೆಯುವ ಯಂತ್ರಗಳು ಬಹುಮಟ್ಟಿಗೆ ದೊಡ್ಡ ನಗರಗಳಲ್ಲಿ, ಕೆಲವು ಜಿಲ್ಲಾ ಕೇಂದ್ರಗಳಲ್ಲಿ ಇರುತ್ತವೆ. ತಾಲ್ಲೂಕು ಕೇಂದ್ರಗಳಲ್ಲಿ ಅಪರೂಪ. ಯಂತ್ರವಿಲ್ಲದ ಊರಿಗೂ ಮೊಬೈಲು ಒಂದು ಅಂಕಿಯನ್ನು ಕೊಡುತ್ತದೆಯೆಂದರೆ ಅದು ಅಳೆದದ್ದಲ್ಲ, ಲೆಕ್ಕ ಹಾಕಿದ್ದು. ಯುರೋಪಿನ ಕೋಪರ್ನಿಕಸ್ ಎಂಬ ವ್ಯವಸ್ಥೆ ಉಪಗ್ರಹಗಳ ಮಾಹಿತಿ ಮತ್ತು ಹವಾಮಾನದ ಗಣಿತವನ್ನು ಸೇರಿಸಿ ಇಡೀ ಭೂಮಿಗೆ ಮುಂದಿನ ಐದು ದಿನಗಳ ಗಾಳಿಯ ಮುನ್ಸೂಚನೆಯನ್ನು ದಿನಕ್ಕೆ ಎರಡು ಬಾರಿ ಸಿದ್ಧಪಡಿಸುತ್ತದೆ. ನಮ್ಮ ಹವಾಮಾನ ಇಲಾಖೆಯೂ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯೂ ತಮ್ಮ ತಮ್ಮ ಗಣಿತಗಳನ್ನು ನಡೆಸುತ್ತವೆ. ಆ ಯುರೋಪಿನ ಲೆಕ್ಕದಲ್ಲಿ ಭೂಮಿಯನ್ನು ಸುಮಾರು 40 ಕಿಲೋಮೀಟರಿನ ಚೌಕಗಳನ್ನಾಗಿ ಭಾಗ ಮಾಡಿರುತ್ತಾರೆ. ಬೇಲೂರಿಗೂ ಹಳೇಬೀಡಿಗೂ ರಸ್ತೆಯಲ್ಲಿ ಇರುವುದೇ ಹದಿನಾರು ಕಿಲೋಮೀಟರು. ಎರಡೂ ಒಂದೇ ಚೌಕದಲ್ಲಿ ಬಿದ್ದರೆ ಆಶ್ಚರ್ಯವೇನು? ಎರಡಕ್ಕೂ ಒಂದೇ ಅಂಕಿ ಬಂದರೆ ಅದು ಗಾಳಿಯ ಗುಣವಲ್ಲ, ಚೌಕದ ಗುಣ.

ಆದರೆ ನಮ್ಮ ಸೀಮೆಯನ್ನು ಬಲ್ಲವರಿಗೆ ಮೂರು ಊರುಗಳ ಗಾಳಿ ಒಂದೇ ಅಲ್ಲವೆಂದು ಗೊತ್ತು. ಬೇಲೂರು ಯಗಚಿಯ ದಡದ ಅರೆಮಲೆನಾಡು. ಪಶ್ಚಿಮಕ್ಕೆ ಕಾಫಿ ತೋಟಗಳು, ಮಳೆಯೂ ಹೆಚ್ಚು. ಅರಸೀಕೆರೆ ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರದ ಬಯಲುಸೀಮೆ. ತೆಂಗು, ರಾಗಿ, ಕೆಂಪು ಧೂಳು. ನಡುವೆ ಹಳೇಬೀಡು, ಅತ್ತ ಮಲೆನಾಡೂ ಅಲ್ಲ, ಇತ್ತ ಬಯಲೂ ಅಲ್ಲ. ಹಳೇಬೀಡಿನಿಂದ ಜಾವಗಲ್ಲು, ಬಾಣಾವರಗಳ ಮೇಲೆ ಅರಸೀಕೆರೆಗೆ ಬಸ್ಸಿನಲ್ಲಿ ಬರುವವರು ಕಿಟಕಿಯಿಂದ ಕಣ್ಣು ತೆಗೆಯದಿದ್ದರೆ ನೆಲದ ಬಣ್ಣ ಬದಲಾಗುವುದನ್ನು ಕಾಣಬಹುದು. ನೆಲ ಬದಲಾದರೆ ಧೂಳು ಬದಲಾಗುತ್ತದೆ, ಧೂಳು ಬದಲಾದರೆ ಗಾಳಿ ಬದಲಾಗುತ್ತದೆ.

ಇದನ್ನು ನಾವು ಯಂತ್ರವಿಲ್ಲದೆಯೇ ಒಮ್ಮೆ ಅಳೆದಿದ್ದೆವು. ತೊಂಬತ್ತರ ದಶಕದಲ್ಲಿ ನನ್ನ ಒಂಬತ್ತನೆಯ ತರಗತಿಯಲ್ಲಿದ್ದವರಿಗೆ ನೆನಪಿರಬಹುದು. ಪಠ್ಯದಲ್ಲಿ ವಾಯುಮಾಲಿನ್ಯದ ಪಾಠವಿತ್ತು. ಅದರಲ್ಲಿ 1952ರ ಡಿಸೆಂಬರಿನ ಲಂಡನ್ ಹೊಗೆಮಂಜೂ 1984ರ ಭೋಪಾಲ ದುರಂತವೂ ಇದ್ದವು, ನಮ್ಮೂರು ಇರಲಿಲ್ಲ. ಮಕ್ಕಳಿಗೆ ಅದು ದೂರದ ದೇಶದ ಕಥೆಯಂತೆ ಕೇಳುತ್ತಿತ್ತು. ಆಗ ಹದಿನೈದು ಪೈಸೆಯ ಅಂಚೆಕಾರ್ಡುಗಳನ್ನು ತಂದು, ಖಾಲಿ ಮೈಗೆ ತೆಳುವಾಗಿ ವ್ಯಾಸಲೀನು ಸವರಿ, ದಾರ ಕಟ್ಟಿ ಒಬ್ಬೊಬ್ಬರಿಗೆ ಒಂದೊಂದು ಸ್ಥಳ ಹಂಚಿದೆವು. ಬಸ್ ನಿಲ್ದಾಣ, ರೈಲು ನಿಲ್ದಾಣದ ಬೇಲಿ, ಸಂತೆಮೈದಾನ, ಶಾಲೆಯ ಕೈತೋಟ, ಹಿಟ್ಟಿನ ಗಿರಣಿ. ಎರಡು ದಿನಗಳ ನಂತರ ಕಾರ್ಡುಗಳನ್ನೆಲ್ಲ ಕರಿಹಲಗೆಯ ಮೇಲೆ ಸಾಲಾಗಿ ಅಂಟಿಸಿದೆವು. ಬಸ್ ನಿಲ್ದಾಣದ್ದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಗಿರಣಿಯದು ಬೂದುಬಿಳಿ. ಕೈತೋಟದ್ದು ಹೆಚ್ಚುಕಡಿಮೆ ಹಾಗೆಯೇ ಇತ್ತು. ಪಂದ್ಯದಲ್ಲಿ ಗೆದ್ದದ್ದು ರೈಲು ನಿಲ್ದಾಣವೆಂದು ಎಲ್ಲರೂ ಊಹಿಸಿದ್ದರು, ಗೆದ್ದದ್ದು ಅದಲ್ಲ. ಹಿಂದಿನ ಬೆಂಚಿನ ಒಬ್ಬ ಹುಡುಗಿ, ಹೆಚ್ಚು ಮಾತನಾಡದವಳು, ತನಗೆ ಕೊಟ್ಟ ಕಾರ್ಡನ್ನು ಬೀದಿಯಲ್ಲಿ ಕಟ್ಟಿದರೆ ದನ ತಿಂದೀತೆಂದು ತನ್ನ ಮನೆಯ ಅಡುಗೆಮನೆಯ ತೊಲೆಗೆ ಕಟ್ಟಿದ್ದಳು. ಅದು ಮಸಿಯಂತೆ ಕಪ್ಪಾಗಿತ್ತು. ಬೆರಳಿನಿಂದ ಮುಟ್ಟಿದರೆ ಜಿಡ್ಡು ಜಿಡ್ಡಾಗಿ ಅಂಟುತ್ತಿತ್ತು.

ತರಗತಿ ನಕ್ಕಿತು. ಹುಡುಗಿ ತಲೆ ತಗ್ಗಿಸಿದಳು. ನಾನು ಆ ಕಾರ್ಡನ್ನು ಎತ್ತಿ ಹಿಡಿದು, ಇವತ್ತಿನ ಪಾಠವೆಲ್ಲ ಇದರಲ್ಲಿದೆ ಎಂದೆ. ಕಂದು ಬಣ್ಣದ ಧೂಳು ಕಣ್ಣಿಗೆ ಕಾಣುತ್ತದೆ, ಹಲ್ಲಿಗೆ ಕರಕರ ಎನ್ನುತ್ತದೆ, ನಾವು ಮೂಗಿಗೆ ಸೆರಗೋ ಕರವಸ್ತ್ರವೋ ಹಿಡಿಯುತ್ತೇವೆ. ದಪ್ಪ ಕಣಗಳ ಬಹುಭಾಗವನ್ನು ಮೂಗು ಮತ್ತು ಗಂಟಲೇ ತಡೆಯುತ್ತವೆ. ಕಪ್ಪು ಹೊಗೆಯ ಕಣ ಹಾಗಲ್ಲ. ಅದು ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಹೋಗುತ್ತದೆ. ಅತಿ ಸೂಕ್ಷ್ಮವಾದದ್ದು ರಕ್ತವನ್ನೂ ಸೇರುತ್ತದೆ. ಜಿಡ್ಡಿನ ಕಾರ್ಡು ಹಿಡಿಯುವುದು ಕೂಡ ತಾನಾಗಿ ಬಂದು ಕೂರುವ ದಪ್ಪ ಕಣಗಳನ್ನೇ ಹೆಚ್ಚಾಗಿ. ಹೊಗೆಯ ಬಹುಪಾಲು ಅದರ ಪಕ್ಕದಿಂದ ಹಾದುಹೋಗಿರುತ್ತದೆ. ಹಾದುಹೋದ ಮೇಲೂ ಅಷ್ಟು ಕಪ್ಪಾಗಿದ್ದರೆ, ಆ ಒಲೆಯ ಮುಂದೆ ಕುಳಿತವರು ಎಷ್ಟನ್ನು ಒಳಗೆ ತೆಗೆದುಕೊಂಡಿರಬೇಕು?

ಈಗ ನಮ್ಮ ಅಕ್ಕನ ವಿಷಯ. ಜಾವಗಲ್ಲಿನ ಸಮೀಪದ ಹಳ್ಳಿಗೆ ಹದಿನೇಳನೆಯ ವಯಸ್ಸಿನಲ್ಲಿ ಮದುವೆಯಾಗಿ ಹೋದವಳು ಆಕೆ. ಹನ್ನೆರಡು ಜನರ ಮನೆ. ಬೆಳಗಿನ ರೊಟ್ಟಿ, ಮಧ್ಯಾಹ್ನದ ಮುದ್ದೆ, ಸಂಜೆಯ ಅನ್ನ ಸಾರು, ಆಳುಗಳಿಗೆ ಬೇರೆ. ಮಳೆಗಾಲದಲ್ಲಿ ಹಸಿ ಸೌದೆ. ಊದುಗೊಳವೆ ಹಿಡಿದು ಊದಿ ಊದಿ ಕಣ್ಣು ಕೆಂಪಾಗಿ ಆಕೆ ಹೊರಗೆ ಬರುತ್ತಿದ್ದುದನ್ನು ರಜೆಯಲ್ಲಿ ಹೋದ ನಾವೆಲ್ಲರೂ ನೋಡಿದ್ದೇವೆ. ಅಡುಗೆಮನೆಯ ಸೂರಿನಿಂದ ಇಲ್ಲಣ ಜೋತಾಡುತ್ತಿತ್ತು. ಮೇಲಿನ ಅಟ್ಟದಲ್ಲಿ ಕೊಬ್ಬರಿಯಾಗಲೆಂದು ತಿಂಗಳುಗಟ್ಟಲೆ ಕಾಯಿ. ಆ ಹೊಗೆ ಕಾಯಿಗೆ ಒಳ್ಳೆಯದೆಂದು ಹಿರಿಯರು ಹೇಳುತ್ತಿದ್ದರು. ಊದುವವಳಿಗೆ ಏನಾದೀತೆಂದು ಯಾರೂ ಕೇಳುತ್ತಿರಲಿಲ್ಲ.

ಆಕೆಗೆ ಎಪ್ಪತ್ತು ದಾಟಿದ ಮೇಲೆ ಏದುಸಿರು ಆರಂಭವಾಯಿತು. ಮೊದಲು ವಯಸ್ಸೆಂದುಕೊಂಡರು, ಆಮೇಲೆ ಹೃದಯವೆಂದುಕೊಂಡರು. ಹಾಸನದಲ್ಲಿ ಶ್ವಾಸಕೋಶದ ವೈದ್ಯರೊಬ್ಬರು ಊದಿಸಿ ಪರೀಕ್ಷೆ ಮಾಡಿ, "ಅಮ್ಮ, ನಿಮ್ಮ ಮನೆಯಲ್ಲಿ ಯಾರಾದರೂ ಬೀಡಿ ಸೇದುತ್ತಿದ್ದರೇ?" ಎಂದರು. ಇಲ್ಲವೆಂದಾಗ ಅವರು ಕೇಳಿದ ಎರಡನೆಯ ಪ್ರಶ್ನೆ, "ಎಷ್ಟು ವರ್ಷ ಸೌದೆ ಒಲೆ ಊದಿದಿರಿ?" ಅಕ್ಕ ಬೆರಳು ಮಡಿಸಿ ಎಣಿಸಿ "ನಲವತ್ತೊಂದು" ಎಂದಳು. ವೈದ್ಯರು ಮತ್ತೇನೂ ಕೇಳಲಿಲ್ಲ. ಶ್ವಾಸನಾಳಗಳು ಕಿರಿದಾಗಿ ಮತ್ತೆ ಹಿಗ್ಗದಂತಾಗುವ ಕಾಯಿಲೆ ಅದು. ಗುಣವಾಗುವುದಿಲ್ಲ; ಕೆಡದಂತೆ ನೋಡಿಕೊಳ್ಳಬಹುದು. ಸೇದುವ ಔಷಧಿ ಕೊಟ್ಟು, ಹೊಗೆ ಮತ್ತು ಚಳಿಗಾಲದ ಬೆಳಗಿನ ಗಾಳಿ ಎರಡರಿಂದಲೂ ದೂರವಿರಿ ಎಂದರು.

ಇದು ನಮ್ಮ ಅಕ್ಕನೊಬ್ಬಳ ಕಥೆಯಲ್ಲ. 2020ರ ಡಿಸೆಂಬರಿನಲ್ಲಿ ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 2019ರಲ್ಲಿ ಭಾರತದಲ್ಲಿ ಗಾಳಿಯ ಮಾಲಿನ್ಯದಿಂದಾದ ಸಾವುಗಳು ಸುಮಾರು 16.7 ಲಕ್ಷ. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ: 1990ರಿಂದ 2019ರವರೆಗೆ ಮನೆಯೊಳಗಿನ ಹೊಗೆಯಿಂದ ಸಾಯುವವರ ಪ್ರಮಾಣ ಶೇಕಡಾ 64ರಷ್ಟು ಇಳಿದಿದೆ, ಹೊರಗಿನ ಗಾಳಿಯ ಕಣಗಳಿಂದ ಸಾಯುವವರ ಪ್ರಮಾಣ ಶೇಕಡಾ 115ರಷ್ಟು ಏರಿದೆ. ಅಡುಗೆಮನೆಯಿಂದ ಓಡಿಸಿದ ಹೊಗೆ ಬೀದಿಯಲ್ಲಿ ನಿಂತು ಕಾಯುತ್ತಿದೆ ಎನ್ನಬಹುದು.

ಹೊಗೆಯನ್ನು ಓಡಿಸುವ ಕೆಲಸದಲ್ಲಿ ನಮ್ಮ ನಾಡಿಗೆ ಒಂದು ಗೌರವದ ಪಾಲಿದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಎಂಬ ವಿಭಾಗ ಆರಂಭವಾಯಿತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕೇಂದ್ರವಿತ್ತು. ಅಲ್ಲಿಂದ ಬಂದದ್ದು ಅಸ್ತ್ರ ಒಲೆ. ಮೂರು ಪಾತ್ರೆಗಳನ್ನು ಸಾಲಾಗಿ ಇಡುವಂತಹ, ಸೌದೆ ಕಡಿಮೆ ಸುಡುವ, ಹೊಗೆಯನ್ನು ಕೊಳವೆಯ ಮೂಲಕ ಸೂರಿನಾಚೆ ಕಳುಹಿಸುವ ಒಲೆ. ಅಕ್ಕನ ಊರಿನಲ್ಲಿಯೂ ಎಂಬತ್ತರ ದಶಕದ ಕೊನೆಯಲ್ಲಿ ಕೆಲವು ಮನೆಗಳಲ್ಲಿ ಅದನ್ನು ಕಟ್ಟಿದರು. ಅಕ್ಕನ ಮನೆಯಲ್ಲಿ ಕಟ್ಟಲಿಲ್ಲ. ಅಟ್ಟದ ಕಾಯಿಗೆ ಹೊಗೆ ಬೇಕಲ್ಲ ಎಂದು ಮನೆಯ ಹಿರಿಯರು ಒಪ್ಪಲಿಲ್ಲ. ಅಡುಗೆ ಅನಿಲ ಬಂದದ್ದು ಬಹಳ ತಡವಾಗಿ. 2016ರ ಮೇ ತಿಂಗಳಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಅದೇ ಊರಿನ ಬಡ ಮನೆಗಳಿಗೂ ಸಿಲಿಂಡರು ಬಂದಿತು. ಆದರೂ ಒಂದು ಬೆಂಕಿ ಉಳಿದಿದೆ. ಬಚ್ಚಲಿನ ಹಂಡೆಯ ಒಲೆ. ಸಿಲಿಂಡರಿನಲ್ಲಿ ಸ್ನಾನದ ನೀರು ಕಾಯಿಸುವಷ್ಟು ಶ್ರೀಮಂತರು ಯಾರು? ಬೆಳಗಿನ ಐದೂವರೆಯಿಂದ ಏಳರವರೆಗೆ ಗರಿ, ಮಟ್ಟೆ, ಕರಟಗಳ ಹೊಗೆ ಮನೆಮನೆಯ ಹಿತ್ತಲಿನಿಂದ ಏಳುತ್ತದೆ.

ಇಲ್ಲಿಗೆ ಮುನ್ಸೂಚನೆಯ ವಿಷಯಕ್ಕೆ ಮರಳೋಣ. ಮೊಬೈಲಿನ ಅಂಕಿಯನ್ನೂ ನನ್ನ ಕಣ್ಣನ್ನೂ ಜೊತೆಗಿಟ್ಟುಕೊಂಡು ಅಕ್ಕನಿಗಾಗಿ ನಾನೊಂದು ಪಂಚಾಂಗ ಮಾಡಿಕೊಂಡಿದ್ದೇನೆ. ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳಂತೆ ಇದಕ್ಕೂ ಐದು ಅಂಗಗಳು: ಗಾಳಿಯ ಬೀಸು, ಮಳೆ, ರಾತ್ರಿಯ ಚಳಿ, ಬೆಂಕಿ, ಧೂಳು.

ಮೊದಲನೆಯದು ಬೀಸು. ಜೂನಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯದ ಗಾಳಿ ನಮ್ಮ ಬಯಲನ್ನು ಗುಡಿಸುತ್ತಲೇ ಇರುತ್ತದೆ. ಹೊಗೆ ನಿಲ್ಲಲು ಜಾಗವಿಲ್ಲ. ಎರಡನೆಯದು ಮಳೆ. ಒಂದು ಒಳ್ಳೆಯ ಮಳೆ ಗಾಳಿಯಲ್ಲಿನ ಕಣಗಳನ್ನು ತೊಳೆದು ನೆಲಕ್ಕೆ ಇಳಿಸುತ್ತದೆ, ನೆಲದ ಧೂಳನ್ನೂ ಕಟ್ಟಿಹಾಕುತ್ತದೆ. ಈ ತಿಂಗಳುಗಳಲ್ಲಿ ಅಕ್ಕ ಅಂಗಳದಲ್ಲಿ ಓಡಾಡಿಕೊಂಡಿರುತ್ತಾಳೆ.

ಮೂರನೆಯದು ಚಳಿ, ಇದೇ ಕಠಿಣ. ಹಗಲಿನಲ್ಲಿ ನೆಲ ಬಿಸಿಯಾಗಿ, ಅದಕ್ಕೆ ತಾಗಿದ ಗಾಳಿ ಮೇಲೇರಿ, ಹೊಗೆಯನ್ನೂ ತನ್ನೊಡನೆ ಒಯ್ಯುತ್ತದೆ. ಡಿಸೆಂಬರು, ಜನವರಿಗಳ ನಿರಭ್ರ ರಾತ್ರಿಗಳಲ್ಲಿ ನೆಲ ಬೇಗ ತಣ್ಣಗಾಗುತ್ತದೆ. ಕೆಳಗೆ ತಂಪು ಗಾಳಿ, ಮೇಲೆ ಬೆಚ್ಚನೆಯ ಗಾಳಿ. ತಂಪಾದದ್ದು ಭಾರ, ಏಳುವುದಿಲ್ಲ. ಮೇಲಿನ ಬೆಚ್ಚನೆಯ ಪದರ ಪಾತ್ರೆಗೆ ಮುಚ್ಚಿದ ತಟ್ಟೆಯಂತಾಗುತ್ತದೆ. ಇದಕ್ಕೆ ಉಷ್ಣತೆಯ ವಿಪರ್ಯಯವೆಂದು ಹೆಸರು. 1952ರ ಲಂಡನ್ನಿನಲ್ಲಿ ಐದು ದಿನ ಮುಚ್ಚಿಕೊಂಡದ್ದು ಇಂಥದೇ ತಟ್ಟೆ. ಕಲ್ಲಿದ್ದಲಿನ ಹೊಗೆ ಅದರಡಿಯಲ್ಲಿ ಸಿಕ್ಕಿ ಆಗಿನ ಲೆಕ್ಕದಂತೆ ನಾಲ್ಕು ಸಾವಿರ, ಈಚಿನ ಅಂದಾಜಿನಂತೆ ಹನ್ನೆರಡು ಸಾವಿರದವರೆಗೆ ಜನ ಸತ್ತರು. ನಮ್ಮಲ್ಲಿ ಆ ತಟ್ಟೆ ಬೆಳಗಿನ ಎಂಟು ಒಂಬತ್ತು ಗಂಟೆಗೆ ಬಿಸಿಲೇರಿದೊಡನೆ ತೆರೆದುಕೊಳ್ಳುತ್ತದೆ, ಅದು ನಮ್ಮ ಪುಣ್ಯ. ಹಳೇಬೀಡಿನಲ್ಲಿ ಚಳಿಗಾಲದ ಬೆಳಗ್ಗೆ ದ್ವಾರಸಮುದ್ರದ ಕೆರೆಯ ಏರಿಯ ಮೇಲೆ ನಿಂತು ನೋಡಿರಿ. ಮನೆಗಳ ಹೊಗೆ ಒಂದಷ್ಟು ನೇರ ಏರಿ, ಕಾಣದ ಸೂರಿಗೆ ತಾಗಿದಂತೆ ನಿಂತು, ಅಡ್ಡಲಾಗಿ ಹಾಸಿಕೊಳ್ಳುತ್ತದೆ. ಪ್ರವಾಸಿಗರು ಅದನ್ನು ಮಂಜೆಂದು ಫೋಟೋ ತೆಗೆಯುತ್ತಾರೆ. ಅದರಲ್ಲಿ ಮಂಜೂ ಉಂಟು, ಬಚ್ಚಲೊಲೆಯೂ ಉಂಟು.

ಈ ಮೂರು ಅಂಗಗಳನ್ನು ಮೊಬೈಲು ಚೆನ್ನಾಗಿಯೇ ಬಲ್ಲದು. ಮುಂದಿನ ಮೂರು ದಿನ ಗಾಳಿ ಬೀಸುವುದೇ, ಮಳೆಯಿದೆಯೇ, ರಾತ್ರಿ ಎಷ್ಟು ತಣ್ಣಗಾಗುವುದು ಎಂಬುದನ್ನು ಅದು ಹೇಳಿದರೆ ನಾನು ನಂಬುತ್ತೇನೆ. ಆದರೆ ನಾಲ್ಕು ಮತ್ತು ಐದನೆಯ ಅಂಗಗಳಾದ ಬೆಂಕಿ, ಧೂಳುಗಳನ್ನು ಅದು ಅರಿಯದು. ನಾಳೆ ಬೆಳಗ್ಗೆ ಪಕ್ಕದ ತೋಟದವರು ಒಣಗರಿಯನ್ನು ರಾಶಿ ಹಾಕಿ ಬೆಂಕಿ ಇಡುತ್ತಾರೆಂದು ಯುರೋಪಿನ ಗಣಿತಕ್ಕೆ ಹೇಗೆ ತಿಳಿಯಬೇಕು? ರಾಗಿಯ ಒಕ್ಕಣೆಯ ಕಾಲದಲ್ಲಿ ಕಣ ಮಾಡುವ ಬದಲು ಟಾರು ರಸ್ತೆಯ ಮೇಲೆ ತೆನೆ ಹಾಸಿ ವಾಹನಗಳಿಂದ ತುಳಿಸುವರೆಂದು, ಫೆಬ್ರವರಿ, ಮಾರ್ಚಿನಲ್ಲಿ ಪಶ್ಚಿಮದ ಗುಡ್ಡಗಳ ಒಣಹುಲ್ಲು ಹತ್ತಿಕೊಳ್ಳುವುದೆಂದು, ದೀಪಾವಳಿಯ ರಾತ್ರಿ ನಮ್ಮ ಬೀದಿಯಲ್ಲಿ ಎಷ್ಟು ಪಟಾಕಿ ಸಿಡಿಯುವುದೆಂದು ಅದಕ್ಕೆ ಗೊತ್ತಿಲ್ಲ. ನಮಗೆ ಗೊತ್ತು. ಮುಖ್ಯವಾದ ಮಾತೆಂದರೆ, ಗಾಳಿ, ಮಳೆ, ಚಳಿ ನಮ್ಮ ಕೈಯಲ್ಲಿಲ್ಲ. ಬೆಂಕಿಯೂ ಧೂಳೂ ನಮ್ಮ ಕೈಯಲ್ಲಿವೆ. ಯಾವುದನ್ನು ಯಂತ್ರ ಹೇಳಲಾರದೋ ಅದನ್ನೇ ನಾವು ಬದಲಾಯಿಸಬಲ್ಲೆವು.

ಬದಲಾಗುವುದಿಲ್ಲ ಎನ್ನುವವರಿಗೆ ಅರಸೀಕೆರೆಯ ರೈಲು ನಿಲ್ದಾಣವನ್ನು ತೋರಿಸುತ್ತೇನೆ. ನಾನು ಕೆಲಸಕ್ಕೆ ಸೇರಿದ ಎಂಬತ್ತರ ದಶಕದಲ್ಲಿ ಅಲ್ಲಿ ಮೀಟರ್ ಗೇಜಿನ ಉಗಿಯಂತ್ರಗಳು ನಿಂತು ಹೊಗೆ ಕಾರುತ್ತಿದ್ದವು. ನಿಲ್ದಾಣದ ಸುತ್ತಲಿನ ಮನೆಗಳವರು ಬಿಳಿಯ ಪಂಚೆಯನ್ನು ಹೊರಗೆ ಒಣಹಾಕಲು ಹಿಂದೆಮುಂದೆ ನೋಡುತ್ತಿದ್ದರು. ಆಮೇಲೆ ಡೀಸೆಲ್ ಬಂದಿತು. 2023ರ ಜೂನ್ 27ರಂದು ಬೆಂಗಳೂರು–ಧಾರವಾಡ ವಂದೇ ಭಾರತ್ ಓಡಲಾರಂಭಿಸುವ ಹೊತ್ತಿಗೆ ನಮ್ಮ ಹಳಿಯ ಮೇಲೆ ವಿದ್ಯುತ್ ತಂತಿ ಬಂದಿತ್ತು. ಇಡೀ ಊರಿನ ಅತಿ ದೊಡ್ಡ ಹೊಗೆಕೊಳವೆ ನಮ್ಮ ಕಣ್ಣೆದುರಿಗೇ ಮಾಯವಾಯಿತು. ಅದರ ಜಾಗವನ್ನು ಸಾವಿರ ಸಣ್ಣ ಹೊಗೆಗಳು ಹಿಡಿದಿವೆ ಎಂಬುದು ಬೇರೆ ಮಾತು. ದ್ವಿಚಕ್ರ ವಾಹನ, ಲಾರಿ, ಕಸಕ್ಕೆ ಇಟ್ಟ ಬೆಂಕಿ. ಬಯಲಿನಲ್ಲಿ ಕಸ ಸುಟ್ಟರೆ ಐದು ಸಾವಿರ ರೂಪಾಯಿ, ರಾಶಿಗಟ್ಟಲೆ ಸುಟ್ಟರೆ ಇಪ್ಪತ್ತೈದು ಸಾವಿರ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿಯೇ ಹೇಳಿದೆ. ಪ್ಲಾಸ್ಟಿಕ್ಕು ಸೇರಿದ ಕಸದ ಹೊಗೆ ಸೌದೆಯ ಹೊಗೆಗಿಂತಲೂ ವಿಷಕರ.

ತೆಂಗಿನ ಸೀಮೆಗೆ ಇನ್ನೊಂದು ವಿಚಿತ್ರವಿದೆ. ಕರಟವನ್ನು ಸುಟ್ಟು ಇದ್ದಿಲು ಮಾಡುವ ಗೂಡುಗಳನ್ನು ನೀವೆಲ್ಲ ನೋಡಿದ್ದೀರಿ. ಆ ಇದ್ದಿಲನ್ನು ಮುಂದೆ ಸಂಸ್ಕರಿಸಿದರೆ ಅದರಲ್ಲಿ ಅಸಂಖ್ಯ ಸೂಕ್ಷ್ಮ ರಂಧ್ರಗಳುಂಟಾಗಿ ವಾಸನೆಯನ್ನೂ ವಿಷಾನಿಲವನ್ನೂ ಹೀರುವ ಶಕ್ತಿ ಬರುತ್ತದೆ. ನೀರಿನ ಶುದ್ಧೀಕರಣ ಯಂತ್ರಗಳಲ್ಲಿ, ಮಹಾನಗರಗಳ ಮನೆಗಳ ಗಾಳಿ ಶುದ್ಧಿ ಮಾಡುವ ಯಂತ್ರಗಳಲ್ಲಿ ಬಳಸುವುದು ಅದನ್ನೇ. ಎಲ್ಲಿಯೋ ಒಬ್ಬರ ಮಲಗುವ ಕೋಣೆಯ ಗಾಳಿ ಶುದ್ಧವಾಗಲು ನಮ್ಮ ಹೊಲದ ಅಂಚಿನ ಗಾಳಿ ಹೊಗೆಯಾಗುತ್ತದೆ. ಉದ್ಯೋಗ ಬೇಡವೆನ್ನುವುದಿಲ್ಲ. ಹೊಗೆಯನ್ನು ಮತ್ತೆ ಸುಟ್ಟು ಅದರ ಶಾಖವನ್ನು ಬಳಸುವ ಮುಚ್ಚಿದ ಗೂಡುಗಳ ವಿಧಾನವುಂಟು. ಅದನ್ನು ಕೇಳುವ ಹಕ್ಕು ಆ ಹೊಲದವರಿಗೂ ಉಂಟು.

ಸರ್ಕಾರದ ಕಡೆ ನೋಡಿದರೆ, 2019ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ನಾಲ್ಕು ನಗರಗಳು ಸೇರಿವೆ: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ. ವರ್ಷಗಟ್ಟಲೆ ಅಳೆದು, ಮಿತಿ ಮೀರಿದೆಯೆಂದು ಕಂಡ ನಗರಗಳ ಪಟ್ಟಿ ಅದು. ಅಳೆಯದ ಊರು ಆ ಪಟ್ಟಿಗೆ ಬರುವುದಾದರೂ ಹೇಗೆ? ಪಟ್ಟಿಯಲ್ಲಿ ಇಲ್ಲವೆಂದ ಮಾತ್ರಕ್ಕೆ ಗಾಳಿ ಚೆನ್ನಾಗಿದೆಯೆಂದು ಅರ್ಥವಲ್ಲ, ಪರೀಕ್ಷೆ ಬರೆಯದವನು ನಪಾಸಾಗಿಲ್ಲ ಎಂದಷ್ಟೇ ಅರ್ಥ. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ನಮಗೆಲ್ಲ ಹೆಮ್ಮೆ. ಅಲ್ಲಿಗೆ ಬರುವ ವಾಹನಗಳು ಹೆಚ್ಚುತ್ತಲೇ ಇವೆ. ಬೇಲೂರಿನ ಗುಡಿ 1117ರದು, ಹಳೇಬೀಡಿನದು ಅದರ ನಾಲ್ಕು ವರ್ಷಗಳ ನಂತರ ಆರಂಭವಾದದ್ದು. ಎರಡಕ್ಕೂ ಬಳಸಿರುವುದು ಬಳಪದ ಕಲ್ಲು. ನೀವು ಸ್ಲೇಟಿನ ಮೇಲೆ ಅಕ್ಷರ ತಿದ್ದಿದ ಬಳಪದ ಜಾತಿಯದೇ. ಗಣಿಯಿಂದ ತೆಗೆದಾಗ ಮೃದು, ಗಾಳಿಗೆ ಒಡ್ಡಿದಂತೆ ಗಟ್ಟಿ. ಶಿಲ್ಪಿಗಳು ಗಾಳಿಯನ್ನು ನಂಬಿ ಮಾಡಿದ ಕೆಲಸವದು. ತಾಜಮಹಲಿನ ಅಮೃತಶಿಲೆಗಾಗಿ ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಸುತ್ತಲಿನ 10,400 ಚದರ ಕಿಲೋಮೀಟರು ಪ್ರದೇಶದ ಕಾರ್ಖಾನೆಗಳಿಗೆ ಕಲ್ಲಿದ್ದಲು ಸುಡದಂತೆ ಆದೇಶಿಸಿತು. ನಮ್ಮ ಗುಡಿಗಳಿಗೆ ಅಂಥ ಕುತ್ತು ಬಂದಿದೆ ಎಂದು ನಾನು ಹೇಳುತ್ತಿಲ್ಲ. ಅಲ್ಲೊಂದು ಅಳೆಯುವ ಯಂತ್ರವನ್ನು ಇಡಬೇಕೆಂದು ಕೇಳುವುದು ಅತಿಯಾಸೆಯಲ್ಲ ಎನ್ನುತ್ತೇನೆ. ಕಲ್ಲಿಗಾಗಿ ಇಟ್ಟ ಯಂತ್ರ ಅಕ್ಕಪಕ್ಕದ ಮನುಷ್ಯರಿಗೂ ಉತ್ತರ ಹೇಳುತ್ತದೆ.

ಅಕ್ಕನ ಮನೆಯಲ್ಲಿ ನಾವು ಮಾಡಿರುವುದು ಇಷ್ಟೇ. ಅಳಿಯ ಬಚ್ಚಲೊಲೆಯನ್ನು ಕಿತ್ತು ಮಾಳಿಗೆಯ ಮೇಲೆ ಸೂರ್ಯಶಾಖದ ನೀರೊಲೆ ಇರಿಸಿದ. ಮೋಡದ ದಿನಗಳಿಗೆಂದು ಹಿತ್ತಲಿನ ಕೊನೆಯಲ್ಲಿ, ಎತ್ತರದ ಕೊಳವೆಯಿರುವ ಒಲೆಯೊಂದಿದೆ. ತೋಟದ ಗರಿಯನ್ನು ಸುಡದೆ ತೆಂಗಿನ ಬುಡಕ್ಕೆ ಮುಚ್ಚಿಗೆಯಾಗಿ ಹಾಕುತ್ತಾರೆ. ತೇವವೂ ಉಳಿಯುತ್ತದೆ, ಗೊಬ್ಬರವೂ ಆಗುತ್ತದೆ. ಅಕ್ಕಪಕ್ಕದ ನಾಲ್ಕು ಮನೆಗಳವರೊಡನೆ ಮಾತನಾಡಿ, ಸುಡಲೇಬೇಕಾದದ್ದು ಏನಾದರೂ ಇದ್ದರೆ ಬೆಳಗ್ಗೆ ಬೇಡ, ಬಿಸಿಲೇರಿದ ಮೇಲೆ ಎಂದು ಒಪ್ಪಿಸಿದ್ದೇವೆ. ಮುಂಜಾನೆಯ ತಟ್ಟೆ ಮುಚ್ಚಿರುವ ಹೊತ್ತಿನಲ್ಲಿ ಒಂದು ಬುಟ್ಟಿ ಕಸ ಮಾಡುವ ಕೇಡನ್ನು ಮಧ್ಯಾಹ್ನದ ಗಾಳಿಯಲ್ಲಿ ಅದೇ ಬುಟ್ಟಿ ಮಾಡುವುದಿಲ್ಲ. ಅಕ್ಕ ವಾಯುವಿಹಾರವನ್ನು ಬೆಳಗಿನಿಂದ ಸಂಜೆ ನಾಲ್ಕಕ್ಕೆ ಬದಲಾಯಿಸಿಕೊಂಡಿದ್ದಾಳೆ. ಪ್ರತಿ ರಾತ್ರಿ ನನಗೆ ಕರೆ ಮಾಡಿ, "ಏನಪ್ಪಾ ಮೇಷ್ಟ್ರೇ, ನಾಳೆ ಗಾಳಿ ಹೆಂಗೈತೆ?" ಎಂದು ಕೇಳುತ್ತಾಳೆ. ನಾನು ಮೂರು ಅಂಗಗಳನ್ನು ಮೊಬೈಲು ನೋಡಿ ಹೇಳುತ್ತೇನೆ. ಉಳಿದೆರಡನ್ನು ಆಕೆಯೇ ತನ್ನ ಬಾಗಿಲಲ್ಲಿ ನಿಂತು ನೋಡಿ ಹೇಳುತ್ತಾಳೆ. ಹಿಂದಿನ ಎರಡು ಚಳಿಗಾಲಗಳಲ್ಲಿ ಆಕೆಯನ್ನು ಆಸ್ಪತ್ರೆಗೆ ಸೇರಿಸಬೇಕಾಗಿ ಬಂದಿತ್ತು. ಕಳೆದ ಚಳಿಗಾಲದಲ್ಲಿ ಬರಲಿಲ್ಲ. ಔಷಧಿಯ ಪಾಲೆಷ್ಟು, ಗಾಳಿಯ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ; ಎರಡನ್ನೂ ಬಿಡುವುದಿಲ್ಲ ಎಂದು ಆಕೆ ತೀರ್ಮಾನಿಸಿದ್ದಾಳೆ. ಚೈತ್ರದಲ್ಲಿ ಬೇಲೂರಿನ ಚೆನ್ನಕೇಶವನ ತೇರು ನೋಡಬೇಕೆಂಬುದು ಆಕೆಯ ಆಸೆ. ತೇರಿನ ಬೀದಿಯ ಧೂಳಿಗೆ ಹೋಗದೆ, ಹಿಂದಿನ ಸಂಜೆ ಗುಡಿಗೆ ಹೋಗಿ ಬರುವುದೆಂದು ಪಂಚಾಂಗ ನೋಡಿ ನಿಶ್ಚಯಿಸಿದ್ದೇವೆ.

ಇನ್ನು ನಿಮ್ಮ ಪ್ರಶ್ನೆಗೆ ಉತ್ತರ. ಮಕ್ಕಳನ್ನು ಕರೆದುಕೊಂಡು ಧಾರಾಳವಾಗಿ ಬನ್ನಿರಿ. ಆರೋಗ್ಯವಂತರಿಗೆ ನಮ್ಮೂರಿನ ಮೂರು ದಿನದ ಗಾಳಿಯಿಂದ ಹೆದರಬೇಕಾದದ್ದೇನೂ ಇಲ್ಲ. ಉಬ್ಬಸವಿರುವ ಮಗು, ಹೃದಯದ ತೊಂದರೆಯಿರುವ ಹಿರಿಯರು, ಬಸುರಿ ಹೆಣ್ಣುಮಕ್ಕಳು ಜೊತೆಯಲ್ಲಿದ್ದರೆ ಡಿಸೆಂಬರು, ಜನವರಿಯ ಬೆಳಗಿನ ಒಂಬತ್ತರವರೆಗೆ ಒಳಗಿರಿಸಿರಿ, ಔಷಧಿ ಮರೆಯದಿರಿ. ಬಂದಾಗ ನಿಮ್ಮ ತಾಯಿಯ, ಅತ್ತಿಗೆಯ, ಮನೆಗೆಲಸದವರ ಅಡುಗೆಮನೆ ಮತ್ತು ಬಚ್ಚಲಿನ ಸೂರನ್ನು ಒಮ್ಮೆ ತಲೆಯೆತ್ತಿ ನೋಡಿರಿ. ಅಲ್ಲಿ ಇಲ್ಲಣ ಕಂಡರೆ, ಆ ಮನೆಯ ಮುಂದಿನ ದಿನಗಳ ಗಾಳಿ ಹೇಗಿರುವುದೆಂದು ಯಾವ ಮೊಬೈಲನ್ನೂ ಕೇಳಬೇಕಾಗಿಲ್ಲ. ಊರಿಗೆ ಏನು ತರಲಿ ಎಂದು ಕೇಳುವವರು ಹಲವರಿದ್ದೀರಿ. ಈ ಸಲ ಒಂದು ಹೊಗೆಕೊಳವೆಯನ್ನು ಹಾಕಿಸಿಕೊಟ್ಟು ಹೋಗಿರಿ.